ವಿಲು ಬಯಲಿನ ವಿಮಾನಗಳು: ಮಳೆ ಹಿಡಿಯುವ ಮುನ್ನ

ನವೆಂಬರ್ 12, 2024, ಮಂಗಳವಾರ

ದಕ್ಷಿಣ ಪೆಸಿಫಿಕ್‌ನ ಸೊಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕನಾಲ್‌ನಲ್ಲಿ ನವೆಂಬರ್‌ನಲ್ಲಿ ಹಿಡಿಯುವ ಮಳೆ ಏಪ್ರಿಲ್‌ವರೆಗೂ ಬಿಡುವುದಿಲ್ಲ. ರಾಜಧಾನಿ ಹೊನಿಯಾರಾದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದ ವಿಲು ಯುದ್ಧ ಸಂಗ್ರಹಾಲಯದಲ್ಲಿ ವಿಮಾನ, ಫಿರಂಗಿಗಳೆಲ್ಲ ಹುಲ್ಲಿನ ಮೇಲೆ ಬಯಲಲ್ಲೇ ಇವೆ. 1942ರ ಆಗಸ್ಟ್ 7ರಂದು ಶುರುವಾಗಿ ಆರು ತಿಂಗಳು ನಡೆದ ಅಮೆರಿಕ–ಜಪಾನ್ ಕದನದ ಈ ಅವಶೇಷಗಳನ್ನು ಕೂಡಿಸಿಟ್ಟವರು ಫ್ರೆಡ್ ಕೋನಾ.

ಮೊದಲು ನೋಡಬೇಕಾದ್ದು ಅಮೆರಿಕದ ಯುದ್ಧವಿಮಾನ ವೈಲ್ಡ್‌ಕ್ಯಾಟ್‌ನ ರೆಕ್ಕೆಯ ಬುಡ. ಅದರ ಜೊತೆಗಿನ ಇನ್ನೊಂದು ಯುದ್ಧವಿಮಾನ ಕೋರ್ಸೇರ್‌ನ ರೆಕ್ಕೆ ಮೇಲಕ್ಕೆ ಮಡಚುತ್ತದೆ. ವೈಲ್ಡ್‌ಕ್ಯಾಟ್‌ನದು ಓರೆ ಕೀಲಿನ ಮೇಲೆ ಹೊರಳಿ, ಕೂತ ಹಕ್ಕಿಯ ರೆಕ್ಕೆಯಂತೆ ಹಿಂದಕ್ಕೆ ಸರಿದು ಮೈಗೆ ಒರಗುತ್ತದೆ; 11.6 ಮೀಟರ್ ಅಗಲ 4.4ಕ್ಕೆ ಇಳಿಯುತ್ತದೆ. ಎಷ್ಟು ಚೆಂದದ ಕೆಲಸ! ಇಂಥ ಕೀಲುಗಳಲ್ಲಿ ಉಕ್ಕು ಅಲ್ಯೂಮಿನಿಯಂಗೆ ತಾಗಿರುತ್ತದೆ. ನಡುವೆ ಉಪ್ಪುನೀರು ನಿಂತರೆ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕರಗುತ್ತದೆ. ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ ಒಳಗೆ ಆಗಲೇ ತಿಂದಿದೆ ಎಂದರ್ಥ. ಆಗ ಬಣ್ಣ ಬಳಿಯುವುದು ತಪ್ಪು: ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಯುದ್ಧಕಾಲದ ಅಕ್ಷರ, ಅಂಕಿಗಳೂ ಮುಚ್ಚಿಹೋಗುತ್ತವೆ.

ಮಾಡಬೇಕಾದ್ದು ಸರಳ. ರೆಕ್ಕೆಯ ಅತಿ ತಗ್ಗಿನಲ್ಲಿ ನೀರಿಳಿಯುವ ತೂತುಗಳಿರುತ್ತವೆ. ಎಲೆ, ಕಣಜದ ಗೂಡಿನ ಮಣ್ಣು ಅವನ್ನು ಮುಚ್ಚುತ್ತವೆ. ಬಿದಿರ ಕಡ್ಡಿಯಿಂದ ಬಿಡಿಸಿ ಸಿಹಿನೀರಿನಲ್ಲಿ ತೊಳೆಯಬೇಕು. ತಂತಿಬ್ರಷ್ ಬೇಡವೇ ಬೇಡ, ಉಕ್ಕಿನ ಕಣ ಚುಚ್ಚಿ ಕೂತಲ್ಲೆಲ್ಲ ಹೊಸ ಗುಳಿ ಬೀಳುತ್ತದೆ. ಲೋಹಕ್ಕೆ ಲೋಹ ತಾಗದಂತೆ ಆಧಾರದ ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಬೇಕು. ವಿಮಾನದ ಹೊಟ್ಟೆ ಹುಲ್ಲಿಗೆ ತಾಗದಂತೆ ಎತ್ತರಿಸಬೇಕು. ಸುತ್ತಲಿನ ಹುಲ್ಲನ್ನು ಯಂತ್ರದಿಂದಲ್ಲ, ಕೈಯಲ್ಲೇ ಕೊಯ್ಯಬೇಕು.

ಸಮುದ್ರದಿಂದ ತೆಗೆದ ಕಬ್ಬಿಣದ ಸಾಮಾನಿನ ದಾರಿಯೇ ಬೇರೆ. ಒಣಗಲು ಬಿಟ್ಟರೆ ಪದರು ಪದರಾಗಿ ಸಿಡಿಯುತ್ತದೆ. ಶೇ. 2ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ, ಉಪ್ಪು ಬಿಡುವುದು ನಿಲ್ಲುವವರೆಗೆ ತಿಂಗಳುಗಟ್ಟಲೆ ದ್ರಾವಣ ಬದಲಿಸುತ್ತಿರಬೇಕು. ಅದೇ ತೊಟ್ಟಿಗೆ ಅಲ್ಯೂಮಿನಿಯಂ ತುಂಡು ಬಿದ್ದರೆ ಗುಳ್ಳೆಯೆದ್ದು ಕರಗಿಹೋಗುತ್ತದೆ. ಎರಡೂ ಲೋಹ ಸೇರಿದ ಭಾಗವಾದರೆ ಮೊದಲು ಬಿಡಿಸಿ ಬೇರೆ ಮಾಡಿಕೊಳ್ಳಲೇಬೇಕು.

ತೋಟ ಅಗೆಯುವಾಗ ಸಿಕ್ಕ ಶೆಲ್ (ಫಿರಂಗಿಯ ಸಿಡಿಗುಂಡು) ಅನ್ನು ಸಂಗ್ರಹಾಲಯಕ್ಕೆ ತರಲೇಬಾರದು. ಜಪಾನಿನ ಹಲವು ಶೆಲ್‌ಗಳಲ್ಲಿ ಸ್ಫೋಟಕವಾಗಿ ಪಿಕ್ರಿಕ್ ಆಮ್ಲವಿತ್ತು. ಅದು ಲೋಹದೊಂದಿಗೆ ಸೇರಿದರೆ ಸಣ್ಣ ಪೆಟ್ಟಿಗೂ ಸಿಡಿಯುವ ಲವಣವಾಗುತ್ತದೆ. ಮುಟ್ಟದೆ, ಜಾಗಕ್ಕೆ ಗುರುತಿಟ್ಟು ಪೊಲೀಸರಿಗೆ ತಿಳಿಸಬೇಕು.