ಆಟೋನಗರದಲ್ಲಿ ಒಂದು ಬಾಗಿಲು

ಬೆಳಗಾವಿಯ ಆಟೋನಗರದಲ್ಲಿ ಆ ದಿನ ಹುಡುಕಬೇಕಿದ್ದದ್ದು 2013ರ ಸ್ವಿಫ್ಟ್‌ಗೆ ಎಡಬದಿಯ ಮುಂದಿನ ಬಾಗಿಲು, ಅದೇ ಬದಿಯ ಫೆಂಡರ್, ಅಂದರೆ ಮುಂದಿನ ಚಕ್ರದ ಮೇಲಿನ ತಗಡು. ಕೈಯಲ್ಲಿ ಆರ್‌ಸಿಯ ನಕಲು, ಅಳತೆ ಟೇಪು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇದ್ದವು. ಜತೆಗೆ, ಕಾರಿನ ಹಿಂಜ್ (ಬಾಗಿಲು ತಿರುಗುವ ಕೀಲು) ಬೋಲ್ಟುಗಳ ತೂತುಗಳನ್ನು ಪೆನ್ಸಿಲ್‌ನಿಂದ ಗುರುತಿಸಿ ಕತ್ತರಿಸಿದ ರಟ್ಟಿನ ತುಂಡು. ಉಳಿದೆಲ್ಲದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ರಟ್ಟೇ.

ಹಳೆ ಗಾಡಿ ಬಿಚ್ಚಿ ಬಿಡಿಭಾಗ ಮಾರುವ ಮೋಡಕಾ ಅಂಗಡಿಯಲ್ಲಿ ‘ಸ್ವಿಫ್ಟ್ ಡೋರ್ ಐತೇನ್ರಿ’ ಎಂದಷ್ಟೇ ಕೇಳಿದರೆ ಯಾವುದೋ ಒಂದು ಸ್ವಿಫ್ಟಿನ ಬಾಗಿಲು ಎದುರಿಗೆ ಬರುತ್ತದೆ. ತಪ್ಪು ಅಂಗಡಿಯವರದ್ದಲ್ಲ, ಕೇಳಿದ್ದೇ ಅರ್ಧ. ನಮ್ಮಲ್ಲಿ ಸ್ವಿಫ್ಟ್ 2005ರಲ್ಲಿ ಬಂತು. 2011, 2018 ಮತ್ತು 2024ರಲ್ಲಿ ತಲೆಮಾರು ಬದಲಾಯಿತು. ತಲೆಮಾರು ದಾಟಿದ ಬಾಗಿಲು ದೂರದಿಂದ ಹೋಲಿದರೂ ಹಿಂಜ್, ಗಾಜಿನ ಓರೆ, ಅಂಚಿನ ಗೆರೆ ಯಾವುದೂ ಕೂಡುವುದಿಲ್ಲ. ಒಂದೇ ತಲೆಮಾರಿನ ಒಳಗೂ 2014ರ ಕೊನೆಯಲ್ಲಿ ಮುಂದಿನ ಬಂಪರ್, ಗ್ರಿಲ್ ಬದಲಾದವು. ಹಾಗಾಗಿ ಬಂಪರ್ ಕೇಳುವಾಗ ವರ್ಷ ಹೇಳಲೇಬೇಕು. ಹೇಳಬೇಕಾದದ್ದು ನೋಂದಣಿಯ ದಿನಾಂಕವಲ್ಲ, ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷ. ಡಿಸೆಂಬರಿನಲ್ಲಿ ತಯಾರಾದ ಗಾಡಿ ಮಾರ್ಚಿಗೆ ನೋಂದಣಿಯಾಗುವುದುಂಟು.

ಮೊದಲು ತೋರಿಸಿದ ಬಾಗಿಲು ಹೊಳೆಯುತ್ತಿತ್ತು, ಬಣ್ಣವೂ ನಮ್ಮದೇ ಬೆಳ್ಳಿ. ಅದನ್ನು ತಿರುಗಿಸಿ ಮಲಗಿಸಿ ಕೆಳ ಅಂಚು ನೋಡಿದೆವು. ಹೊರ ತಗಡು ಒಳ ತಗಡಿನ ಮೇಲೆ ಮಡಿಚಿಕೊಳ್ಳುವ ಆ ಜಾಗದಲ್ಲೇ ಜಂಗು ಹುಟ್ಟುವುದು. ಕಂಪನಿಯ ಸೀಲರ್ (ಸಂದಿ ಮುಚ್ಚುವ ಅಂಟು) ಒಂದೇ ಸಮನಾದ ದಾರದಂತೆ ಹರಿದಿರುತ್ತದೆ. ಇದರಲ್ಲಿ ಸೀಲರ್ ಉಬ್ಬಿ, ಉಗುರು ತಾಕಿಸಿದರೆ ಚಕ್ಕೆ ಏಳುತ್ತಿತ್ತು. ನೀರು ಇಳಿಯುವ ತೂತುಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಕೇಳಿದರೆ ಗೋವಾ ನಂಬರಿನ ಗಾಡಿ. ಚೋರ್ಲಾ ಘಾಟು ಹತ್ತಿ ಬರುವ ಕಡಲ ಕಡೆಯ ಕಾರುಗಳಿಗೆ ಉಪ್ಪುಗಾಳಿ ಒಳಗಿನಿಂದ ಹತ್ತಿರುತ್ತದೆ. ಮೇಲೆ ಎಷ್ಟು ಬಣ್ಣ ಬಳಿದರೂ ಒಂದೆರಡು ಮಳೆಗಾಲದಲ್ಲಿ ಅಂಚು ಗುಳ್ಳೆ ಏಳುತ್ತದೆ. ಬಿಟ್ಟೆವು.

ಎರಡನೆಯದು ಕೆಎ-28, ವಿಜಯಪುರದ ಗಾಡಿಯದು. ಬಿಸಿಲಿಗೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್‌ಕೋಟ್ ಸುಟ್ಟು ಸುಲಿದಿತ್ತು, ನೋಡಲು ಕಳಪೆ. ಆದರೆ ಒಳಗೆ ಒಣಗಿದ ಎರೆಮಣ್ಣಿನ ಪುಡಿ ಬಿಟ್ಟರೆ ತಗಡು ಹೊಸದರಂತಿತ್ತು. ಬಣ್ಣ ಹೇಗೂ ಹೊಡೆಸಬೇಕು. ಸುಟ್ಟ ಪೇಂಟು ಉಜ್ಜಿದರೆ ಹೋಗುತ್ತದೆ, ಮಡಿಕೆಯೊಳಗಿನ ಜಂಗು ಹೋಗುವುದಿಲ್ಲ.

ಅಯಸ್ಕಾಂತವನ್ನು ಒಂದೊಂದು ಗೇಣಿಗೆ ಸರಿಸುತ್ತ ಹೋಗಬೇಕು. ಎಲ್ಲಿ ಹಿಡಿತ ಸಡಿಲವಾಯಿತೋ ಅಲ್ಲಿ ತಗ್ಗು ತುಂಬಿದ ಪುಟ್ಟಿ ಇದೆ. ಹೊರ ತಗಡಿನ ದಪ್ಪ ಸುಮಾರು 0.7 ಮಿಲಿಮೀಟರ್, ಒಮ್ಮೆ ಗುದ್ದಿಸಿಕೊಂಡು ಎಳೆದ ತಗಡು ಹಿಗ್ಗಿ, ಬೆರಳಿಂದ ಒತ್ತಿದರೆ ಡಬ್ಬದಂತೆ ಟಪ್ ಎನ್ನುತ್ತದೆ. ಬಾಗಿಲಿನ ಒಳಗೆ ಅಡ್ಡ ಕೂತಿರುವ ಉಕ್ಕಿನ ಬೀಮನ್ನು ಟಾರ್ಚ್ ಹಾಕಿ ನೋಡಬೇಕು. ಬದಿಯಿಂದ ಬರುವ ಏಟನ್ನು ತಡೆಯುವುದು ಅದೇ. ಅದು ಸೊಟ್ಟಗಾಗಿದ್ದರೆ ಹೊರಗೆ ಎಷ್ಟೇ ಚಂದ ಇದ್ದರೂ ಆ ಬಾಗಿಲು ಬೇಡ.

ರಟ್ಟನ್ನು ಈ ಎರಡನೆಯ ಬಾಗಿಲಿನ ಹಿಂಜಿನ ಜಾಗಕ್ಕೆ ಹಿಡಿದಾಗ ನಾಲ್ಕೂ ಗುರುತು ಕೂಡಿದವು. ಹಿಂಜಿನ ಬೋಲ್ಟ್ ಬಿಚ್ಚಿ ತೆಗೆದ ಬಾಗಿಲನ್ನೇ ಆರಿಸಬೇಕು. ಅವಸರಕ್ಕೆ ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದಾದರೆ ಬಿಸಿಗೆ ಅಂಚು ಬಾಗಿರುತ್ತದೆ. ವೈರಿಂಗಿನದು ಇನ್ನೊಂದು ತೊಡಕು. ಪವರ್ ವಿಂಡೋ, ಸೆಂಟ್ರಲ್ ಲಾಕ್, ಕನ್ನಡಿ ತಿರುಗಿಸುವ ಮೋಟರ್ ಟ್ರಿಮ್‌ನಿಂದ ಟ್ರಿಮ್‌ಗೆ (ಒಂದೇ ಮಾದರಿಯ ಕಡಿಮೆ-ಹೆಚ್ಚು ಸೌಲಭ್ಯದ ಆವೃತ್ತಿಗಳು) ಬೇರೆ, ಕನೆಕ್ಟರಿನ ಪಿನ್ನುಗಳೂ ಬೇರೆ. ತಗಡಿನ ಚಿಪ್ಪಷ್ಟೇ ತಗೊಂಡು ಹಳೆ ಬಾಗಿಲಿನ ಮೋಟರ್, ಗಾಜು, ಲಾಕ್, ವೈರನ್ನೆಲ್ಲ ಅದಕ್ಕೆ ಸಾಗಿಸುವುದೇ ನಿಶ್ಚಿಂತೆ. ಕೀಲಿಯೂ ಹಳೆಯದೇ ಉಳಿಯುತ್ತದೆ.

ಫೆಂಡರಿನಲ್ಲಿ ನೋಡಬೇಕಾದದ್ದು ಇಂಡಿಕೇಟರಿನ ತೂತು. ಕೆಲವು ಟ್ರಿಮ್‌ಗಳಲ್ಲಿ ಇಂಡಿಕೇಟರ್ ಫೆಂಡರಿನ ಮೇಲೆ, ಕೆಲವುಗಳಲ್ಲಿ ಕನ್ನಡಿಯಲ್ಲಿ. ತೂತಿದ್ದದ್ದನ್ನು ತಂದು ವೆಲ್ಡ್ ಮಾಡಿ ಮುಚ್ಚಿದರೆ ತೆಳು ತಗಡು ಶಾಖಕ್ಕೆ ಅಲೆ ಏಳುತ್ತದೆ, ಮತ್ತೆ ಪುಟ್ಟಿ. ಬೋಲ್ಟಿನ ತಲೆಗಳ ಪೇಂಟ್ ಮೇಲೆ ಪಾನಾ ಜಾರಿದ ಹಳೆಯ ಗೀರುಗಳಿದ್ದರೆ ಆ ಫೆಂಡರ್ ಹಿಂದೆಯೂ ಒಮ್ಮೆ ಬಿಚ್ಚಿದ್ದು, ಯಾಕೆಂದು ಕೇಳಬೇಕು.

ಬಾಗಿಲು, ಫೆಂಡರ್, ಬಾನೆಟ್, ಡಿಕ್ಕಿ ಇವೆಲ್ಲ ಬೋಲ್ಟಿನ ಮೇಲೆ ಕೂರುವಂಥವು, ಹಳೆಯದು ತರಬಹುದು. ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್ ಬಾಡಿಗೇ ವೆಲ್ಡ್ ಆಗಿರುವುದು. ಅದನ್ನು ಮೋಡಕಾದಿಂದ ಕೊಯ್ದು ತಂದು ಹಚ್ಚುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಬಿಲ್ಲಿನಲ್ಲಿ ಯಾವ ನಂಬರಿನ ಗಾಡಿಯಿಂದ ಬಿಚ್ಚಿದ್ದೆಂದು ಬರೆಸಿಕೊಂಡೆವು. ಕಳವಿನ ಮಾಲಿನ ತಂಟೆ ಬಾರದಿರಲು ಅದೊಂದೇ ಆಧಾರ.

ಗ್ಯಾರೇಜಿಗೆ ತಂದ ಮೇಲೆ ಪೇಂಟಿಗೆ ಮೊದಲೇ ಒಮ್ಮೆ ಜೋಡಿಸಿ ನೋಡಬೇಕು, ಇದನ್ನು ಬಹಳ ಜನ ಬಿಡುತ್ತಾರೆ. ಹಿಂಜಿನ ಬೋಲ್ಟ್ ಸಡಿಲಿಸಿ, ಫೆಂಡರಿನ ಕಡೆಗೂ ಹಿಂದಿನ ಬಾಗಿಲಿನ ಕಡೆಗೂ ಸಂದು ಮೇಲಿಂದ ಕೆಳಗೆ ಒಂದೇ ಸಮ ಬರುವಂತೆ ಕೂರಿಸಿ ಬಿಗಿದು, ಆಮೇಲೆಯೇ ಕಂಬದ ಮೇಲಿನ ಸ್ಟ್ರೈಕರ್ (ಬಾಗಿಲಿನ ಲಾಕ್ ಕಚ್ಚಿಕೊಳ್ಳುವ ಕೊಂಡಿ) ಸರಿಸಬೇಕು. ಸ್ಟ್ರೈಕರ್ ಮೊದಲು ಮುಟ್ಟಿದರೆ ಬಾಗಿಲನ್ನು ಅದೇ ಎತ್ತಿ ಹಿಡಿದು ಹಿಂಜಿನ ತಪ್ಪನ್ನು ಮುಚ್ಚಿಬಿಡುತ್ತದೆ. ಬಣ್ಣದ ಕೋಡ್ ಬಾನೆಟ್ಟಿನ ಒಳಗಿನ ಪಟ್ಟಿಯಲ್ಲಿ ಇರುತ್ತದೆ. ಕೋಡ್ ಸರಿಯಿದ್ದರೂ ಹತ್ತು ವರ್ಷ ಬಿಸಿಲುಂಡ ಬೆಳ್ಳಿಯ ಪಕ್ಕ ಹೊಸ ಬೆಳ್ಳಿ ಎದ್ದು ಕಾಣುವುದರಿಂದ, ಹಿಂದಿನ ಬಾಗಿಲಿನ ಮೇಲೂ ಬಣ್ಣವನ್ನು ತೆಳುವಾಗಿ ಹರಡಿಸಿ ಪೂರ್ತಿ ಕ್ಲಿಯರ್ ಹೊಡೆಸಿದೆವು.

ಬೆಳಗಾವಿಯ ಮಳೆಗೆ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆ ಗಟ್ಟಿಯಾಗಿ ಅಂಟಿರಲೇಬೇಕು, ಇಲ್ಲವಾದರೆ ಗಾಜಿನ ಸಂದಿಯಿಂದ ಇಳಿದ ನೀರು ಕಾರ್ಪೆಟ್ಟಿಗೆ ಬರುತ್ತದೆ. ಹಾಳೆ ಅಂಟಿಸುವ ಮುಂಚೆ ಒಳ ಮಡಿಕೆಗೆ ಮೇಣ ಸಿಂಪಡಿಸಿದೆವು. ಕೊನೆಗೆ ಗಾಜಿನ ಮೇಲೆ ಪೈಪ್ ಹಿಡಿದು ಐದು ನಿಮಿಷ ನೀರು ಬಿಟ್ಟಾಗ ಕೆಳಗಿನ ತೂತುಗಳಲ್ಲೆಲ್ಲ ಸಮನಾಗಿ ಹನಿ ಇಳಿಯಿತು. ಕಾರ್ಪೆಟ್ ಮುಟ್ಟಿದರೆ ಒಣಗಿತ್ತು.