ದಿನಕ್ಕೊಂದು ಪದ ಎಲ್ಲಿಂದ ತರ್ತೀರಿ, ಟೀಚರ್?

ನಮ್ಮ ಶಾಲೆಯ ಗೇಟು ದಾಟಿ ಒಳಗೆ ಬಂದರೆ, ಬಿಸಿಯೂಟದ ಕೋಣೆಗೆ ಹೋಗುವ ದಾರಿಯಲ್ಲಿ ಹಳೆಯದೊಂದು ಕರಿಹಲಗೆ ಇದೆ. ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ಅದರ ಮೇಲೆ ನಾಲ್ಕು ಸಾಲು ಬರೆಯುತ್ತೇನೆ. ಒಂದು ಪದದ ಹುಟ್ಟು, ಒಂದು ಊರಿನ ಹೆಸರು, ಕೆಲವು ದಿನ ಒಂದು ತಾರೀಕು. ಮಕ್ಕಳಿಗೆಂದು ಶುರು ಮಾಡಿದ್ದು. ಈಗ ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರೂ ಸ್ಕೂಟರ್ ನಿಲ್ಲಿಸಿ ಓದುತ್ತಾರೆ, ಓದಿದ ಮೇಲೆ ಕೇಳುವುದು ಮಾತ್ರ ಇದೊಂದನ್ನೇ: "ದಿನಾ ಇದನ್ನೆಲ್ಲ ಎಲ್ಲಿಂದ ಹುಡುಕುದು ಟೀಚರ್? ಮುಗಿದು ಹೋಗುದಿಲ್ವಾ?"

ಮುಗಿಯುವುದಿಲ್ಲ. ನಾನು ಅಪರೂಪದ ಪದಗಳ ಬೆನ್ನು ಹತ್ತುವುದೇ ಇಲ್ಲ. ಮಕ್ಕಳ ಬಾಯಲ್ಲಿ ಆಗಲೇ ಇರುವುದನ್ನು ಎತ್ತಿಕೊಳ್ಳುತ್ತೇನೆ.

ಒಂದು ದಿನ ಆಟದ ಹೊತ್ತಿನಲ್ಲಿ ಕಣ್ಣಾಮುಚ್ಚಾಲೆ ನಡೆದಿತ್ತು. ಒಬ್ಬಳು ಕಂಬಕ್ಕೆ ಮುಖ ಒತ್ತಿಕೊಂಡು ಎಣಿಸುತ್ತಿದ್ದಳು: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು... ಮರುದಿನ ಹಲಗೆಯ ಮೇಲೆ ಅದನ್ನೇ ಬರೆದೆ. ಇಪ್ಪತ್ತು ಅಂದರೆ ಎರಡು ಹತ್ತು. ಹಾಗಾದರೆ ಅದರಲ್ಲಿ 'ಹತ್ತು' ಎಲ್ಲಿದೆ? ಇರುವುದು 'ಪತ್ತು'. ಎಪ್ಪತ್ತಿನಲ್ಲೂ ಪತ್ತು. ಎಂಬತ್ತರಲ್ಲಿ ಅದು 'ಬತ್ತು' ಆಗಿದೆ, ಐವತ್ತರಲ್ಲಿ 'ವತ್ತು'. ಒಂಬತ್ತು ಕೂಡ ಅದೇ ಮನೆಯದು, ಹತ್ತಕ್ಕೆ ಒಂದು ಕಡಿಮೆ.

ಕನ್ನಡದ ಹತ್ತು ಒಂದು ಕಾಲಕ್ಕೆ ಪತ್ತು ಆಗಿತ್ತು. ಹಾಲು ಪಾಲ್, ಹುಲಿ ಪುಲಿ, ಹೆಸರು ಪೆಸರ್. 10ನೇ ಶತಮಾನದ ಪಂಪನ ಕಾವ್ಯದ ತುಂಬ ಇರುವುದು ಈ ಪಕಾರವೇ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಪದದ ಮೊದಲಿಗೆ ಬರುವ ಪಕಾರ ಸವೆದು ಹಕಾರವಾಯಿತು. ಪದದ ನಡುವೆ ಸಿಕ್ಕಿಕೊಂಡದ್ದು ಮಾತ್ರ ಉಳಿದುಕೊಂಡಿತು. ಹಾವು ಬದಲಾಯಿತು, ಹೆಬ್ಬಾವಿನೊಳಗಿನ ಹಳೆಯ ಪಾವು ಬಕಾರವಾಗಿ ಅಲ್ಲೇ ಇದೆ. ಸಾವಿರ ವರ್ಷದ ಹಿಂದಿನ ಉಚ್ಚಾರಣೆಯ ಗುರುತು ಕಣ್ಣಾಮುಚ್ಚಾಲೆ ಆಡುವ ಹುಡುಗಿಯ ನಾಲಿಗೆಯ ಮೇಲಿದೆ! ಇದನ್ನು ಯಾವ ಮ್ಯೂಸಿಯಮ್ಮಿನಲ್ಲಿ ತೋರಿಸಲಿ?

ಆ ದಿನ ನನ್ನ ತರಗತಿಯಲ್ಲಿ ಇನ್ನೊಂದು ಆಯಿತು. ನಮ್ಮದು ಕರಾವಳಿಯ ಶಾಲೆ, ಹೆಚ್ಚಿನ ಮಕ್ಕಳ ಮನೆಮಾತು ತುಳು. ಕನ್ನಡ ಪೀರಿಯಡ್ಡಿನಲ್ಲಿ ಬಾಯಿ ತಪ್ಪಿ ತುಳು ಬಂದರೆ ನಾಲಿಗೆ ಕಚ್ಚಿಕೊಳ್ಳುವ ಮಕ್ಕಳು ಇವರು. ಹಿಂದಿನ ಬೆಂಚಿನ, ಎಂದೂ ಮಾತಾಡದ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನಮ್ಮಲ್ಲಿ ಈಗಲೂ ಪತ್ತ್ ಅಂತಲೇ ಹೇಳುದು." ಅಷ್ಟು ಸಾಕಾಯಿತು. ಹುಲಿಗೆ ಪಿಲಿ, ಹಾಲಿಗೆ ಪೇರ್, ಹೆಸರಿಗೆ ಪುದರ್ ಎಂದು ನಾಲ್ಕೂ ಕಡೆಯಿಂದ ಬಂತು. ತುಳು ಕನ್ನಡದ ಕೆಟ್ಟ ರೂಪವಲ್ಲ, ಒಡಹುಟ್ಟಿದ ಭಾಷೆ, ಕನ್ನಡ ಕಳೆದುಕೊಂಡ ದನಿಯನ್ನು ಅದು ಇನ್ನೂ ಇಟ್ಟುಕೊಂಡಿದೆ ಎಂದು ಹೇಳಿದೆ. ಆ ಹುಡುಗ ಕೂತ ರೀತಿಯೇ ಬೇರೆಯಾಗಿತ್ತು. ಹಲಗೆ ಬರೆಯುವುದು ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅವನೇ.

ಅಡುಗೆಮನೆಯಲ್ಲೂ ಬೇಕಾದಷ್ಟಿದೆ. ನಮ್ಮ ಕಡೆ ಮೆಣಸು ಅಂದರೆ ಕೆಂಪು ಮೆಣಸಿನಕಾಯಿ. ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ಎಡ್ಡೆ ಮುಂಚಿ. ಯಾಕೆ 'ಒಳ್ಳೆ'? ಮೊದಲು ಇಲ್ಲಿದ್ದ ಮೆಣಸು ಅದೊಂದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೂ ಆ ಬಳ್ಳಿಯ ಆಸೆಗೇ. ಅದರ ಬೆನ್ನಿಗೆ ಪೋರ್ಚುಗೀಸರು ಅಮೆರಿಕ ಖಂಡದ ಖಾರವನ್ನು ತಂದರು. ಹೊಸಬ ಬಂದು ಹೆಸರನ್ನೇ ಕಿತ್ತುಕೊಂಡ, ಮೂಲದವನು 'ಒಳ್ಳೆ' ಸೇರಿಸಿಕೊಂಡು ಗುರುತು ಹೇಳಬೇಕಾಯಿತು. ಮೇಜು, ಅನಾನಸು, ನಮ್ಮ ಕಿಟಕಿಯ 'ಜನೇಲ' ಎಲ್ಲವೂ ಆ ಪೋರ್ಚುಗೀಸರ ಭಾಷೆಯಿಂದ ಬಂದವೇ.

ಬರೆಯದೆ ಬಿಟ್ಟದ್ದೂ ಬಹಳ ಇದೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಬೆಂಗಳೂರು ಎಂದು ಒಮ್ಮೆ ನಾನೂ ಬರೆದಿದ್ದೆ. ಒಬ್ಬ ಪೋಷಕರು ನಿಂತು ಬೇಗೂರಿನ ವೀರಗಲ್ಲಿನ ವಿಷಯ ಹೇಳಿದರು. ನಾಗೇಶ್ವರ ದೇವಸ್ಥಾನದ ಆ ಕಲ್ಲಿನಲ್ಲಿ 'ಬೆಂಗಳೂರ ಕಾಳಗ'ದ ಮಾತಿದೆ, ಕಾಲ ಸುಮಾರು ಕ್ರಿ.ಶ. 890. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನಿಗಿಂತ ಮುನ್ನೂರು ವರ್ಷ ಹತ್ತಿರ ಮೊದಲೇ ಊರಿಗೆ ಆ ಹೆಸರಿತ್ತು. ಮರುದಿನವೇ ಹಲಗೆಯಲ್ಲಿ ತಿದ್ದಿದೆ. ಅಜ್ಜಿಯ ಕತೆ ನನಗೆ ಇಷ್ಟವೇ, ಮಕ್ಕಳಿಗೆ ಈಗಲೂ ಹೇಳುತ್ತೇನೆ, ಕತೆ ಎಂದೇ ಹೇಳುತ್ತೇನೆ. ಚಿಕ್ಕ ವಿಷಯ ಬೇಗ ಹರಡುತ್ತದೆ, ಮಕ್ಕಳು ಮನೆಗೆ ಹೋಗಿ ಹೇಳಿಬಿಡುತ್ತಾರೆ. ಆದ್ದರಿಂದ ಕಿಟ್ಟೆಲ್ ಅವರ ನಿಘಂಟು ತೆರೆಯದೆ ಈಗ ಸೀಮೆಸುಣ್ಣ ಹಿಡಿಯುವುದಿಲ್ಲ. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ನಿಘಂಟು ಅದು.

ಈಚೆಗೆ ನಾನು ಹುಡುಕುವುದು ಇನ್ನೂ ಕಡಿಮೆಯಾಗಿದೆ. ಹೆಬ್ಬಾವಿನ ಸಾಲು ಬರೆದು ಒಂದು ವಾರಕ್ಕೆ ಆರನೇ ತರಗತಿಯ ಹುಡುಗಿಯೊಬ್ಬಳು ಚೀಟಿ ತಂದುಕೊಟ್ಟಳು. ಅವಳ ಅಜ್ಜಿಮನೆಯ ತೋಟದಲ್ಲಿ ಹೆಬ್ಬಲಸಿನ ಮರವಿದೆಯಂತೆ. "ಹೆಬ್ಬಾವಿನ ಹಾಗೇ ಇದರಲ್ಲಿಯೂ ಪಲಸು ಅಡಗಿದೆಯಾ ಟೀಚರ್?" ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಅಡಗಿತ್ತು. ಮರುದಿನದ ಹಲಗೆಯನ್ನು ಅವಳ ಕೈಯಲ್ಲೇ ಬರೆಸಿದೆ.