ಕಣ್ಣಿನಿಂದ ಕೈಗೆ ಎಷ್ಟು ದೂರ?

1:100 ಅಳತೆಯ ಕಟ್ಟಡ ಮಾದರಿಯಲ್ಲಿ ಒಬ್ಬ ಮನುಷ್ಯನ ಎತ್ತರ 17 ಮಿಲಿಮೀಟರ್. ಮನೆಯ ಮುಂಬಾಗಿಲಿನ ಅಗಲ ಒಂದು ಸೆಂಟಿಮೀಟರ್ ಆದರೆ ಹೆಚ್ಚು. ಕಿಟಕಿಗೆ ಹಾಕುವ 12 ಮಿಲಿಮೀಟರ್ ಸರಳು 0.12 ಮಿಲಿಮೀಟರ್‌ಗೆ ಇಳಿಯುತ್ತದೆ. ತಲೆಗೂದಲಿಗಿಂತ ಸ್ವಲ್ಪವೇ ದಪ್ಪ. ದಾವಣಗೆರೆಯಲ್ಲಿ ಕುಳಿತು ನಾನು ಮಾಡುವುದು ಇದೇ ಕೆಲಸ. ವಾಸ್ತುಶಿಲ್ಪಿಗಳು, ಅಪಾರ್ಟ್‌ಮೆಂಟ್ ಕಟ್ಟಿಸುವವರು, ಕಾಲೇಜಿನವರು ನಕ್ಷೆ ತಂದುಕೊಡುತ್ತಾರೆ. ಸನ್‌ಬೋರ್ಡ್, ಅಕ್ರಿಲಿಕ್, ಎಂಡಿಎಫ್ ಹಲಗೆಗಳಲ್ಲಿ ಅದನ್ನು ಕಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಕೊಡುತ್ತೇನೆ. ಲೇಸರ್ ಯಂತ್ರ ಬಂದ ಮೇಲೆ ಕತ್ತರಿಸುವ ಶ್ರಮ ಎಷ್ಟೋ ಕಡಿಮೆಯಾಗಿದೆ. ಜೋಡಿಸುವುದು, ಅಂಟು ಹಾಕುವುದು, ಅಂಚು ಕೆರೆಯುವುದು, ಬಣ್ಣ ತಾಗಿಸುವುದು ಮಾತ್ರ ಇಂದಿಗೂ ಕಣ್ಣು ಮತ್ತು ಕೈಗಳ ಪಾಲಿಗೇ ಉಳಿದಿವೆ. ಅವೆರಡರಲ್ಲಿ ಕೈ ಇನ್ನೂ ಗಟ್ಟಿಯಾಗಿದೆ. ಕಣ್ಣಿಗೆ ಚಾಳೀಸು ಬಂದು ಎಷ್ಟೋ ಕಾಲವಾಯಿತು.

ಇದು ರೋಗವಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಡಸಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಹತ್ತು ವರ್ಷದ ಮಗು ಮೂಗಿನ ಹತ್ತಿರ ಹಿಡಿದ ಅಕ್ಷರವನ್ನೂ ಓದುತ್ತದೆ. ಐವತ್ತು ದಾಟಿದವರಿಗೆ ಕನ್ನಡಕವಿಲ್ಲದೆ ಒಂದು ಗೇಣು ದೂರದ ವಸ್ತು ಮಸುಕೇ. ನಮ್ಮ ಕೆಲಸ ನಡೆಯುವುದು ಆ ಒಂದು ಗೇಣಿನಲ್ಲಿ.

ಈ ಕಸುಬಿನಲ್ಲಿರುವವರು, ಮನೆಯಲ್ಲಿ ಹವ್ಯಾಸಕ್ಕಾಗಿ ರೈಲು ವಿಮಾನಗಳ ಮಾದರಿ ಕಟ್ಟುವವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಪಟ್ಟು ದೊಡ್ಡದು ಮಾಡುವ ಲೆನ್ಸ್ ತೆಗೆದುಕೊಳ್ಳಲಿ?’ ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲ. ನೀವು ಕುಳಿತು ಕೆಲಸ ಮಾಡುವಾಗ ಕಣ್ಣಿನಿಂದ ಬ್ಲೇಡಿನ ತುದಿಗೆ ಎಷ್ಟು ದೂರವಿದೆ? ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ಟೇಪಿನಲ್ಲಿ ಅಳೆಸಿಕೊಳ್ಳಿ. ಆ ಒಂದು ಅಂಕಿ ಕೈಯಲ್ಲಿಲ್ಲದೆ ಅಂಗಡಿಗೆ ಹೋಗಬೇಡಿ.

ಕನ್ನಡಕದ ಅಂಗಡಿಯಲ್ಲಿ ನನಗೆ ಪವರ್ ನೋಡಿದವರು, ‘ಪೇಪರ್ ಓದುವುದಕ್ಕೆ ತಾನೆ ಯಜಮಾನರೇ?’ ಎಂದು ಕೇಳಿದರು. ‘ಪೇಪರಿಗೆ ಇದೆ. ಇದು ಬ್ಲೇಡ್ ಹಿಡಿಯುವುದಕ್ಕೆ, 28 ಸೆಂಟಿಮೀಟರ್’ ಎಂದೆ. ಅವರು ನಕ್ಕರೂ ಪಟ್ಟಿ ತೆಗೆದು ಅಷ್ಟೇ ದೂರದಲ್ಲಿ ಅಕ್ಷರದ ಹಲಗೆ ಹಿಡಿದು ಪರೀಕ್ಷೆ ಮಾಡಿದರು. ಸಾಮಾನ್ಯವಾಗಿ ಓದುವ ಕನ್ನಡಕವನ್ನು ಸುಮಾರು 40 ಸೆಂಟಿಮೀಟರ್‌ಗೆ ಹೊಂದಿಸುತ್ತಾರೆ. ಲೆಕ್ಕ ಸರಳ: ನೂರನ್ನು ಪವರಿನಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. 2.5 ಪವರಿಗೆ 40, 4 ಪವರಿಗೆ 25. ದೂರದೃಷ್ಟಿಗೆ ಬೇರೆ ಪವರ್ ಇದ್ದರೆ ಅದನ್ನು ಇದಕ್ಕೆ ಕೂಡಿಸಿಕೊಳ್ಳಬೇಕು, ಮೈನಸ್ ಇದ್ದರೆ ಕಳೆಯಬೇಕು. ಅದನ್ನು ಅವರೇ ಮಾಡುತ್ತಾರೆ. ನನ್ನ ಬೆಂಚಿನ ಕನ್ನಡಕ ಪೂರ್ತಿ ಒಂದೇ ಪವರಿನದು. ಹಾಕಿಕೊಂಡು ಎದ್ದು ನಡೆದರೆ ಗೋಡೆಯ ಕ್ಯಾಲೆಂಡರ್ ಕಾಣುವುದಿಲ್ಲ, ಆದರೆ ಬೆಂಚಿನ ಮೇಲೆ ಅಂಚಿನಿಂದ ಅಂಚಿಗೆ ಎಲ್ಲವೂ ಚೊಕ್ಕ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸ್ಸಿವ್ ಕನ್ನಡಕ ರಸ್ತೆಗೆ ಒಳ್ಳೆಯದು. ಬೆಂಚಿಗೆ ಅದು ಶಿಕ್ಷೆ: ಹತ್ತಿರದ ಪವರ್ ಗಾಜಿನ ಕೆಳತುದಿಯಲ್ಲಿರುವುದರಿಂದ ಗದ್ದ ಎತ್ತಿಕೊಂಡೇ ಕೂರಬೇಕು, ಸಂಜೆಗೆ ಕತ್ತು ಹಿಡಿಯುತ್ತದೆ. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಒಂದು ಕನ್ನಡಕ ಸಾಕು, ಭೂತಕನ್ನಡಿಯೇ ಬೇಕಾಗುವುದಿಲ್ಲ.

ಸಾಲದಿದ್ದಾಗ ತಲೆಗೆ ಕಟ್ಟುವ ಭೂತಕನ್ನಡಿ. ಅಕ್ಕಸಾಲಿಗರ ಹಣೆಯ ಮೇಲೆ ನೀವು ನೋಡಿರುತ್ತೀರಿ. ಎರಡೂ ಕಣ್ಣಿಗೆ ಗಾಜು, ಬೇಡವೆಂದಾಗ ಮೇಲಕ್ಕೆ ಮಡಚಬಹುದು, ಕೈಗಳೆರಡೂ ಬಿಡುವು. ಇದರಲ್ಲಿ ಹೆಸರಾದ ಆಪ್ಟಿವೈಸರ್ ಎಂಬ ಬ್ರ್ಯಾಂಡಿನ ಗಾಜುಗಳ ಪಟ್ಟಿಯನ್ನೇ ನೋಡಿ: ಎರಡು ಪಟ್ಟು ದೊಡ್ಡದು ಮಾಡುವ ಗಾಜಿಗೆ ಕೆಲಸದ ದೂರ 10 ಅಂಗುಲ, ಎರಡೂವರೆ ಪಟ್ಟಿನದಕ್ಕೆ 8 ಅಂಗುಲ, ಮೂರೂವರೆ ಪಟ್ಟಿನದಕ್ಕೆ ಬರೀ 4 ಅಂಗುಲ. ಸ್ಕಾಲ್ಪೆಲ್ ಚಾಕುವಿನ 3 ನಂಬರ್ ಹಿಡಿಗೆ 11 ನಂಬರ್ ಬ್ಲೇಡ್ ಸಿಕ್ಕಿಸಿದರೆ ಚಾಕುವೇ ಸುಮಾರು ಆರು ಅಂಗುಲ ಆಗುತ್ತದೆ. ನಾಲ್ಕು ಅಂಗುಲದಲ್ಲಿ ಮುಖ ಇಟ್ಟುಕೊಂಡು ಆ ಹಿಡಿಯನ್ನು ಎಲ್ಲಿ ಆಡಿಸುತ್ತೀರಿ? ಹಣೆಗೆ ತಾಗುತ್ತದೆ, ಕೈಯ ನೆರಳೂ ಕೆಲಸದ ಮೇಲೆಯೇ ಬೀಳುತ್ತದೆ. ದೊಡ್ಡದು ಮಾಡಿದಷ್ಟೂ ಒಂದೇ ನೋಟಕ್ಕೆ ಕಾಣುವ ಜಾಗ ಕಿರಿದಾಗುತ್ತದೆ, ಸ್ಪಷ್ಟವಾಗಿ ಕಾಣುವ ಆಳವೂ ತೆಳುವಾಗುತ್ತದೆ. ಗೋಡೆಯ ಬುಡ ಕಂಡರೆ ತುದಿ ಮಸುಕು. ನಾನು ಎರಡು ಪಟ್ಟಿನ ಗಾಜಿನಲ್ಲಿ ನಿಂತಿದ್ದೇನೆ. ಎರಡೂವರೆ ಪಟ್ಟಿನದನ್ನು ಸರಳು, ಬಾಲ್ಕನಿಯ ಕಟಕಟೆ ಇಂಥವಕ್ಕೆ ಮಾತ್ರ ಹಾಕುತ್ತೇನೆ.

ಇಲ್ಲೊಂದು ಸೂಕ್ಷ್ಮವಿದೆ, ಮಾರುವವರು ಹೇಳುವುದಿಲ್ಲ. ಆ 10 ಅಂಗುಲದ ಲೆಕ್ಕ ದೂರದ ಕನ್ನಡಕ ಹಾಕಿಕೊಂಡವರಿಗೆ, ಅಥವಾ ದೂರ ನೋಡಲು ಕನ್ನಡಕವೇ ಬೇಡದವರಿಗೆ. ಒಳಗೆ ಓದುವ ಕನ್ನಡಕ ಇದ್ದರೆ ಎರಡೂ ಪವರ್ ಕೂಡುತ್ತವೆ. ಎರಡು ಪಟ್ಟಿನ ಗಾಜಿನ ನಾಲ್ಕು ಪವರಿಗೆ ಕನ್ನಡಕದ ಎರಡೂವರೆ ಸೇರಿ ಆರೂವರೆ ಆಯಿತು, ದೂರ 25ರಿಂದ 15 ಸೆಂಟಿಮೀಟರ್‌ಗೆ ಕುಸಿಯಿತು. ‘ಲೆನ್ಸ್ ಸರಿಯಿಲ್ಲ, ಮೂಗು ತಗಲುತ್ತದೆ’ ಎಂದು ವಾಪಸ್ ಕೊಡುವವರಲ್ಲಿ ಹೆಚ್ಚಿನವರ ಕಥೆ ಇದೇ. ಇನ್ನು ದುಂಡು ಗಾಜಿನ ಸುತ್ತ ದೀಪ ಇರುವ ಮೇಜಿನ ಲ್ಯಾಂಪ್‌ಗಳು. ಪೆಟ್ಟಿಗೆಯ ಮೇಲೆ ಬರೆದಿರುವ 3, 5 ಎಷ್ಟೋ ಸಲ ಪಟ್ಟು ಅಲ್ಲ, ಪವರ್. ಅದನ್ನು ನಾಲ್ಕರಿಂದ ಭಾಗಿಸಿ ಒಂದು ಕೂಡಿಸಿ: 3 ಪವರಿನದು ಒಂದೂಮುಕ್ಕಾಲು ಪಟ್ಟು, 5 ಪವರಿನದು ಎರಡೂಕಾಲು ಪಟ್ಟು. ಅಷ್ಟೇನೂ ಕಡಿಮೆಯಲ್ಲ. ಐದು ಪಟ್ಟು ಬಂತೆಂದು ತಿಳಿದು ದುಡ್ಡು ಕೊಡಬಾರದು, ಅಷ್ಟೇ.

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಹತ್ತು ಪಟ್ಟಿನ ಲೆನ್ಸ್ ನಮಗೆ ಹೊಂದುವುದಿಲ್ಲ. ಒಂದೇ ಕಣ್ಣಿನಲ್ಲಿ ನೋಡಿದರೆ ಆಳ ತಿಳಿಯುವುದಿಲ್ಲ, ಚಿಮಟ ತುಂಡಿನ ಮುಂದಿದೆಯೋ ಹಿಂದಿದೆಯೋ ಗೊತ್ತಾಗುವುದಿಲ್ಲ. ಮೊಬೈಲ್ ರಿಪೇರಿಯವರ ಎರಡು ಕಣ್ಣಿನ ಮೈಕ್ರೋಸ್ಕೋಪ್ ಆ ವಿಷಯದಲ್ಲಿ ಬಹಳ ಚೆನ್ನ, ಆದರೆ ಅದರ ಕನಿಷ್ಠ ಏಳು ಪಟ್ಟಿನಲ್ಲಿ ಕಾಣುವುದು ಸುಮಾರು 28 ಮಿಲಿಮೀಟರ್ ಅಗಲದ ವೃತ್ತ. ಒಂದು ಅಡಿ ಉದ್ದದ ಪಟ್ಟಿ ಕತ್ತರಿಸಲು ಅದರ ಕೆಳಗೆ ಕುಳಿತರೆ ಕೀಲಿ ತೂತಿನಿಂದ ಜಾತ್ರೆ ನೋಡಿದಂತೆ. ತಪಾಸಣೆಗೆ ಮೊಬೈಲ್ ಕ್ಯಾಮೆರಾ ಸಾಕು. ಫೋಟೋ ತೆಗೆದು ಹಿಗ್ಗಿಸಿ ನನ್ನ ಜೊತೆ ಕೆಲಸಕ್ಕಿರುವ ಹುಡುಗನಿಗೆ ತೋರಿಸಿದರೆ ಅಂಟು ಎಲ್ಲಿ ಉಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ದೊಡ್ಡದಾಗಿ ಕಾಣತೊಡಗಿದರೆ ಮನಸ್ಸು ಕೆಡುತ್ತದೆ. ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು 1:50ರಲ್ಲಿ ಕಟ್ಟಿಕೊಡುವ ಕೆಲಸ ಬಂದಿತ್ತು. 1224ರ ಹೊತ್ತಿಗೆ ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಅದು. ಮಂಟಪದಲ್ಲಿ ಕಡೆದ ಕಂಬಗಳ ಸಾಲು, ಒಂದೊಂದರ ಮೇಲೂ ಸುತ್ತುಗೀರು. ಕಂಬದ ಎರಡು ಸೆಂಟಿಮೀಟರ್ ಗೀರು ನಮ್ಮಲ್ಲಿ 0.4 ಮಿಲಿಮೀಟರ್. ಭೂತಕನ್ನಡಿಯ ಕೆಳಗೆ ಪ್ರತಿ ಗೀರಿನ ಜುಂಗೂ ಕಾಣುತ್ತದೆ, ಕೆರೆಯುತ್ತಾ ಕುಳಿತರೆ ಒಂದು ಕಂಬಕ್ಕೇ ಮಧ್ಯಾಹ್ನ ಮುಗಿಯುತ್ತದೆ. ಹುಡುಗ ಒಮ್ಮೆ, ‘ಸಾರ್, ಇದನ್ನು ನೋಡುವವರೂ ಲೆನ್ಸ್ ತರುತ್ತಾರಾ?’ ಎಂದ. ಸರಿಯಾದ ಮಾತು. ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವವರ ಕಣ್ಣು ಮಾದರಿಯಿಂದ ಎರಡು ಅಡಿ ದೂರ. ಅಷ್ಟು ದೂರದಿಂದ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದ್ದು ಸುಮಾರು 0.17 ಮಿಲಿಮೀಟರ್. ಅದಕ್ಕಿಂತ ಸಣ್ಣ ಜುಂಗಿಗೆ ನಮ್ಮಲ್ಲಿ ಕೂಲಿ ಇಲ್ಲ ಎಂದು ತೀರ್ಮಾನವಾಯಿತು. ಅಂಟಿನ ಹೊಳಪಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಎಷ್ಟು ಸಣ್ಣದಾದರೂ ಬೆಳಕು ತಾಗಿದರೆ ಮಿಂಚುತ್ತದೆ.

ಕಣ್ಣಿನ ಮೇಲೆ ಹೊರಿಸಬಾರದ ಕೆಲಸಗಳೂ ಇವೆ. ಸಂತೆಬೆನ್ನೂರಿನ ಪುಷ್ಕರಣಿಯಂಥ ಮೆಟ್ಟಿಲುಗಳ ಮಾದರಿಯಲ್ಲಿ ಪ್ರತಿ ಮೆಟ್ಟಿಲಿಗೆ 0.1 ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಇಪ್ಪತ್ತು ಮೆಟ್ಟಿಲಿಗೆ 2 ಮಿಲಿಮೀಟರ್, ಅಂದರೆ 1:100ರಲ್ಲಿ ಒಂದು ಮೆಟ್ಟಿಲೇ ಹೆಚ್ಚಾದಂತೆ. ಇದನ್ನು ಯಾವ ಲೆನ್ಸೂ ತಿದ್ದುವುದಿಲ್ಲ. ಅಲ್ಯೂಮಿನಿಯಂ ಕೋನವನ್ನು ಹಲಗೆಗೆ ಬಿಗಿದು ಒಂದು ಅಚ್ಚು ಮಾಡಿಟ್ಟುಕೊಂಡು, ತುಂಡನ್ನು ಅದಕ್ಕೆ ಒತ್ತಿ ಕೂರಿಸಿದರೆ ಕಣ್ಣು ಮುಚ್ಚಿಕೊಂಡೇ ಜೋಡಿಸಬಹುದು.

ಬೆಳಕಿನ ವಿಷಯಕ್ಕೆ ಜಿಪುಣತನ ಬೇಡ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅರವತ್ತರವರ ಕಣ್ಣಿನ ಒಳಪರದೆಗೆ ಇಪ್ಪತ್ತರವರಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ ಎಂಬ ಅಂದಾಜಿದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಬಿಳಿ ಸನ್‌ಬೋರ್ಡಿನ ಮೇಲಿನ ಬಿಳಿ ಗೀರನ್ನು ಅಳಿಸಿಹಾಕುತ್ತದೆ. ಎಡಗಡೆಯಿಂದ, ಹಲಗೆಗೆ ಸವರಿದಂತೆ ತಗ್ಗಿನಲ್ಲಿ ಒಂದು ಎಲ್‌ಇಡಿ ದೀಪ ಇಟ್ಟು ನೋಡಿ, ಲೆನ್ಸ್ ಇಲ್ಲದೆಯೇ ಗೀರು ಎದ್ದು ಕಾಣುತ್ತದೆ. ಎಡಗೈಯವರು ಬಲಗಡೆ ಇಡಬೇಕು. ಏಪ್ರಿಲ್‌ನಲ್ಲಿ ನಮ್ಮ ಊರಿನ ಬಿಸಿಲಿಗೆ ಹಣೆಯ ಪಟ್ಟಿ ಬೆವರಿನಲ್ಲಿ ನೆನೆಯುತ್ತದೆ, ಫ್ಯಾನ್ ಹಾಕಿದರೆ 17 ಮಿಲಿಮೀಟರ್ ಮನುಷ್ಯರೆಲ್ಲ ಹಾರಿಹೋಗುತ್ತಾರೆ. ಸಣ್ಣ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡಿದ್ದೇನೆ, ಇದಕ್ಕೆ ಬೇರೆ ಪರಿಹಾರ ಕಂಡಿಲ್ಲ.

ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಬೆಳಕು ಕಣ್ಣಿಗೆ ಚದುರಿದಂತಾಗುವುದು, ಬಣ್ಣಗಳು ಮಾಸಿದಂತಿರುವುದು ಚಾಳೀಸಿನ ಲಕ್ಷಣವಲ್ಲ; ಪೊರೆಯೋ ಇನ್ನೇನೋ, ಕಣ್ಣಿನ ವೈದ್ಯರೇ ನೋಡಬೇಕು. ಸಕ್ಕರೆ ಕಾಯಿಲೆ ಇರುವವರು ಲಕ್ಷಣಕ್ಕೆ ಕಾಯದೆ ವರ್ಷಕ್ಕೊಮ್ಮೆ ತೋರಿಸಬೇಕು. ನಮ್ಮವರಿಗೆ ಒಂದು ಅನುಕೂಲವಿದೆ: ಬೆಂಚಿನ ಮೇಲೆ ಸದಾ ಚೌಕುಳಿ ಗೆರೆಯ ಕಟಿಂಗ್ ಮ್ಯಾಟ್ ಇರುತ್ತದೆ. ಹತ್ತಿರದ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಅದರ ನಡುವಿನ ಒಂದು ಬಿಂದುವನ್ನು ದಿಟ್ಟಿಸಿ, ಆಮೇಲೆ ಇನ್ನೊಂದು ಕಣ್ಣಿನಲ್ಲಿ. ನೇರ ಗೆರೆ ಡೊಂಕಾಗಿ ಕಂಡರೆ, ನಡುವೆ ಗೆರೆಯೇ ಮಾಯವಾದರೆ, ಹೊಸ ಲೆನ್ಸ್ ಹುಡುಕುತ್ತಾ ಕೂರದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಅಕ್ಷಿಪಟದ ನಡುಭಾಗವನ್ನು ಪರೀಕ್ಷಿಸಲು ಬಳಸುವ ಆಮ್ಸ್‌ಲರ್ ಚೌಕುಳಿಯೂ ಇದೇ ಬಗೆಯದು.

ಕೊನೆಗೆ, ಕೊಂಡ ದಿನವೇ ಮಾಡಬೇಕಾದ ಕೆಲಸ. ಉಬ್ಬು ಗಾಜು ಬಿಸಿಲಿಗೆ ಸಿಕ್ಕರೆ ಬೆಂಕಿ ಹಚ್ಚುತ್ತದೆ, ಮತ್ತು ನಮ್ಮ ಬೆಂಚಿನ ಮೇಲೆ ಥಿನ್ನರ್, ಫೋಮ್, ಕಾಗದದ ಚೂರು ಯಾವಾಗಲೂ ಇರುತ್ತವೆ. ನನ್ನ ಕಿಟಕಿ ಪೂರ್ವಕ್ಕಿದೆ. ಬಾಗಿಲು ಹಾಕುವ ಮುಂಚೆ ಲ್ಯಾಂಪಿನ ಗಾಜಿಗೆ ಬಟ್ಟೆಯ ಚೀಲ ತೊಡಿಸಿ, ತಲೆಯ ಭೂತಕನ್ನಡಿಯನ್ನು ಡ್ರಾಯರಿಗೆ ಹಾಕುವುದು ಹುಡುಗನ ಜವಾಬ್ದಾರಿ.